ನೀರುನಾಯಿಯನ್ನು ಮೊದಲು ಕಂಡವಳು

ದರ್ಜಿಯಕ್ಕನಿಗೆ ಯಾರ ಮೇಲೂ ಹೊಟ್ಟೆಕಿಚ್ಚಿರಲಿಲ್ಲ, ಓರಗಿತ್ತಿಯೊಬ್ಬಳನ್ನು ಬಿಟ್ಟು. ಆ ಒಬ್ಬಳ ಮೇಲೆ ಊರಿಗೆಲ್ಲ ಹಂಚುವಷ್ಟಿತ್ತು.

ಮೈದುನನ ಹೆಂಡತಿಯಾಗಿ ಅವಳು ಮನೆಗೆ ಕಾಲಿಟ್ಟ ದಿನದಿಂದಲೂ ಅಷ್ಟೆ. ಅವಳು ನಕ್ಕರೆ ಅತ್ತೆಯೂ ನಗುತ್ತಿದ್ದರು. ಹಿರಿಯ ಸೊಸೆಯ ಮಾತಿಗೆ ಹೂಂಗುಡುವವರೇ ಇರಲಿಲ್ಲ. ಈಗ ಕಾಗದದ ಕಾರ್ಖಾನೆಯವರು ಹಳ್ಳದ ಪ್ರಾಣಿಪಕ್ಷಿಗಳ ಮೇಲೆ ಕಣ್ಣಿಡಲು ಊರವರನ್ನೇ ಸೇರಿಸಿಕೊಂಡಾಗ ದುರ್ಬೀನು ಬಿದ್ದದ್ದು ಯಾರ ಕೊರಳಿಗೆ? ಕೇಳಲೇಬೇಡಿ. ಹೊಲಿಗೆ ಯಂತ್ರದ ಮುಂದಿನ ಕಿಟಕಿಯಿಂದ ವರ್ಷಗಟ್ಟಲೆ ಆ ಹಳ್ಳವನ್ನು ನೋಡಿಕೊಂಡು ಬಂದ ದರ್ಜಿಯಕ್ಕನಿಗೆ ಸಿಕ್ಕಿದ್ದು ಜೊತೆಗಾತಿಯ ಕೆಲಸ.

ಜೊತೆಗಾತಿ ಏಕೆಂದರೆ, ಇಬ್ಬರು ಕಂಡರೆ ಮಾತ್ರ ಲೆಕ್ಕ. ಒಬ್ಬರು ಕಂಡದ್ದು ಕಂಡಂತಲ್ಲ. ಕಾರ್ಖಾನೆಯ ಹೊಲಸು ನೀರಿನ ಕೊಳವೆ ಹಳ್ಳವನ್ನು ಎಲ್ಲಿ ಸೇರಬೇಕೆಂಬುದು ಇವರ ಮಾತಿನ ಮೇಲೆ ನಿಂತಿತ್ತು. ನೀರುನಾಯಿ ಮರಿ ಸಾಕುವ ದಡದಲ್ಲಿ ಕೊಳವೆ ಬರುವಂತಿರಲಿಲ್ಲ.

ಒಂದು ಬೆಳಿಗ್ಗೆ ಓರಗಿತ್ತಿ ಅವಳ ಮೊಣಕೈ ಹಿಡಿದಳು. "ಅಕ್ಕ, ಆ ಬೇರಿನ ಹತ್ರ. ತಾಯಿ, ಹಿಂದೆ ಮರಿಗಳು. ಕಾಣ್ತಾ?"

ಕಂಡಿತು. ಬರಿಗಣ್ಣಿಗೇ ಕಂಡಿತು. ಒದ್ದೆ ತಲೆ, ಬಾಯಲ್ಲಿ ಮೀನು. ಆದರೆ ಮೊದಲು ಕಂಡವಳು ಇವಳು. ನಾಳೆ ಊರೆಲ್ಲ ಇವಳದೇ ಗುಣಗಾನ, ಅತ್ತೆಯದಂತೂ ಹೇಳುವುದೇ ಬೇಡ.

"ನನಗೇನೂ ಕಾಣ್ಲಿಲ್ಲಪ್ಪ."

ಅವಳು ವಾದಕ್ಕೆ ಬರಲಿ ಎಂದು ದರ್ಜಿಯಕ್ಕ ಕಾದಳು. ಓರಗಿತ್ತಿ ದುರ್ಬೀನು ಇಳಿಸಿದಳು. "ಹಾಗಾದ್ರೆ ಇಲ್ಲ ಬಿಡಿ. ನಿಮ್ಮ ಕಣ್ಣು ತಪ್ಪೋದಿಲ್ಲ. ನಾನೇ ಬೇರು ನೋಡಿ ಮರಿ ಅಂದ್ಕೊಂಡೆ."

ಇಂಥವಳನ್ನು ಬೈಯುವುದಾದರೂ ಹೇಗೆ? ಆ ದಿನ ದರ್ಜಿಯಕ್ಕ ಅಂಗಿಯೊಂದರ ಎಡತೋಳನ್ನು ಬಲಕ್ಕೆ ಹೊಲಿದು, ಬಿಚ್ಚಿ, ಮತ್ತೆ ಬಲಕ್ಕೇ ಹೊಲಿದಳು.

ಊರ ಸಭೆಯಲ್ಲಿ ಎಂಜಿನಿಯರ್ ಕೊಳವೆಯ ಜಾಗ ತೋರಿಸಿದ. ಅದೇ ದಡ. "ಇಲ್ಲಿ ಏನಾದ್ರೂ ಕಂಡಿದ್ಯಾ?"

"ಇಲ್ಲ ಸಾರ್," ಎಂದಳು ಓರಗಿತ್ತಿ. "ಅಕ್ಕನೂ ನೋಡಿದಾರೆ."

ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯುತ್ತಿತ್ತು. ಆದರೆ ಆ ಮರಿಗಳು ಅವಳ ಕಿಟಕಿಯ ಎದುರಿನವು. ದರ್ಜಿಯಕ್ಕ ಎದ್ದು ನಿಂತಳು. "ನೀರುನಾಯಿ ಇದೆ, ಮರಿಗಳೂ ಇವೆ. ನಾನು ನೋಡಿದೀನಿ." ಆಮೇಲೆ ಓರಗಿತ್ತಿಯ ಕಡೆ ಕೈ ತೋರಿಸಿದಳು. "ಮೊದಲು ನೋಡಿದ್ದು ಇವಳು."

ಓರಗಿತ್ತಿ ಹೌದೆಂದು ತಲೆಯಾಡಿಸಿದಳು. ಎಂಜಿನಿಯರ್ ನಕ್ಷೆ ಮಡಿಸಿ, ಬೇರೆ ಜಾಗ ನೋಡುತ್ತೇವೆ ಎಂದ. ಎಲ್ಲರೂ ಓರಗಿತ್ತಿಯ ಬೆನ್ನು ತಟ್ಟಿದರು. ಅಂದುಕೊಂಡಂತೆಯೇ ಆಯಿತು.

ಮನೆಯ ದಾರಿಯಲ್ಲಿ ಓರಗಿತ್ತಿ ಕೇಳಿದಳು. "ಆವತ್ತು ಯಾಕಕ್ಕ ಇಲ್ಲ ಅಂದ್ರಿ?"

"ಹೊಟ್ಟೆಕಿಚ್ಚು ಕಣೇ. ಇನ್ನೇನು."

ಓರಗಿತ್ತಿ ದುರ್ಬೀನು ತೆಗೆದು ಅಕ್ಕನ ಕೊರಳಿಗೆ ಹಾಕಿದಳು. "ನಾಳೆಯಿಂದ ನೀವು ಮೊದಲು ನೋಡಿ."

ಕೊಡುವುದರಲ್ಲೂ ಇವಳದೇ ಮೇಲುಗೈ ಆಯಿತಲ್ಲ ಎಂದು ದರ್ಜಿಯಕ್ಕನಿಗೆ ಮತ್ತೆ ಮೈ ಉರಿಯಿತು. ದುರ್ಬೀನನ್ನು ಮಾತ್ರ ವಾಪಸು ಕೊಡಲಿಲ್ಲ.