ಶೀನಣ್ಣ ಮುಂದಿನ ಸೀಟಿನಲ್ಲಿ ಕೂತ ದಿನಗಳು

"ಗೊತ್ತಿಲ್ಲ" ಎಂದು ಹೇಳಬೇಕಾದಾಗ ಶೀನಣ್ಣನ ಕಿವಿಗಳು ಕೆಂಪಾಗುತ್ತಿದ್ದವು. ಆದರೂ ಹೇಳುತ್ತಿದ್ದರು. ಕುಂದಾಪುರದ ಕಡೆಯಿಂದ ಹೋಟೆಲಿನ ಸಪ್ಲಯರ್ ಆಗಿ ಮದ್ರಾಸಿಗೆ ಬಂದು, ಹೋಟೆಲಿನ ತರಕಾರಿ ವ್ಯಾನನ್ನು ರಿಪೇರಿ ಮಾಡುತ್ತ ಮಾಡುತ್ತ ಮೆಕ್ಯಾನಿಕ್ ಆದವರು. ಗಿರಾಕಿಗಳೊಂದಿಗೆ ತಮಿಳು, ನಮ್ಮೊಂದಿಗೆ ಅಚ್ಚ ಕುಂದಾಪುರದ ಮಾತು.

ಅಮ್ಮನಿಗೆ ಡಯಾಲಿಸಿಸ್ ಶುರುವಾದ ಬೇಸಿಗೆಯಲ್ಲೇ ನಮ್ಮ ಹಳೆಯ ಕಾರೂ ಕೆಟ್ಟಿತು. ತಣ್ಣಗಿದ್ದಾಗ ಸಲೀಸಾಗಿ ಹೊರಡುತ್ತಿತ್ತು. ಎಂಜಿನ್ ಕಾದ ಮೇಲೆ ಎಲ್ಲೆಂದರಲ್ಲಿ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತು ಆರಲು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್. ಒಮ್ಮೆ ಆಸ್ಪತ್ರೆಯಿಂದ ಬರುವಾಗ ಫ್ಲೈಓವರಿನ ಏರಿನಲ್ಲೇ ನಿಂತಿತು. ಹಿಂದೆ ಹಾರನ್ನುಗಳ ಗದ್ದಲ, ಒಳಗೆ ಬೇಯಿಸುವ ಸೆಕೆ, ಬಿಪಿ ಇಳಿದು ಸೀಟಿಗೆ ಒರಗಿದ್ದ ಅಮ್ಮ. ತಿರುಗಿ ಅವಳ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಕಾರಿನೊಳಗಿನ ಪೆಟ್ರೋಲ್ ಪಂಪಿನ ದೋಷವೆಂದು ಶೀನಣ್ಣ ಅದನ್ನು ಬದಲಿಸಿದರು. ಮುಂದಿನ ಸಲವೂ ಕಾರು ನಿಂತಿತು. ಸಿಟ್ಟಿನಲ್ಲೇ ಅವರ ಶೆಡ್ಡಿಗೆ ಹೋದೆ. ಅವರು ಸಮಜಾಯಿಷಿ ಕೊಡಲಿಲ್ಲ.

"ನಾನ್ ಹೇಳಿದ್ ತಪ್ಪಾಯ್ತ್ ಮಾರಾಯ್ರೆ. ಶೆಡ್ಡಲ್ಲಿ ಅದ್ ನಿಲ್ಲುದಿಲ್ಲೆ, ನಿಲ್ದೆ ನಂಗೆ ಗೊತ್ತಾಪುದಿಲ್ಲೆ. ಅಮ್ಮನ್ನ ಕರ್ಕಂಡ್ ಹೋಪತಿಗೆ ನಾನೂ ಬತ್ತೆ."

ಅಂದಿನಿಂದ ಪ್ರತಿ ಸಲ ಶೆಡ್ಡು ಮುಚ್ಚಿ ಬಂದು ನನ್ನ ಪಕ್ಕ ಕೂರುತ್ತಿದ್ದರು. ಕಾಲ ಬಳಿ ನೀರಿನ ಬಾಟಲಿ, ಹಳೆಯ ಟವೆಲ್. ಸಿಗ್ನಲ್ ಬಂದಾಗಲೆಲ್ಲ ಹಿಂದಕ್ಕೆ ತಿರುಗಿ ಅಮ್ಮನನ್ನು ನೋಡುವರು. ಅವರ ಆತಂಕ ಕಂಡು ಅಮ್ಮನೇ ಊರಿನ ಸುದ್ದಿ ಕೇಳಿ ಸಮಾಧಾನ ಮಾಡುತ್ತಿದ್ದಳು. ಹಾಳು ಕಾರು ಮಾತ್ರ ಅವರಿದ್ದಾಗ ನಿಲ್ಲಲೇ ಇಲ್ಲ. ನಿಲ್ಲದಿದ್ದರೆ ಕಾರಣ ತಿಳಿಯದು, ನಿಂತರೆ ಅಮ್ಮನ ಗತಿಯೇನು? ಯಾವುದಕ್ಕೆಂದು ಪ್ರಾರ್ಥಿಸುವುದು ಎಂದೇ ನನಗೆ ತಿಳಿಯುತ್ತಿರಲಿಲ್ಲ.

ಕೊನೆಗೊಂದು ಮಧ್ಯಾಹ್ನ ಗಿಂಡಿ ಬಡಾವಣೆಯ ಹತ್ತಿರ ನಿಂತಿತು. ಕಾರನ್ನು ಮರದ ನೆರಳಿಗೆ ತಳ್ಳಿ, ಕೀ ತಿರುಗಿಸಲು ಹೇಳಿದರು. ಎಂಜಿನ್ ತಿರುಗುತ್ತಿದ್ದರೂ ಅದರ ಸುತ್ತುಗಳನ್ನು ತೋರಿಸುವ ಮುಳ್ಳು ಅಲುಗಲಿಲ್ಲ. ಶೀನಣ್ಣ ಬಾನೆಟ್ ಎತ್ತಿ, ಎಂಜಿನ್ನಿನ ಬದಿಯ ಒಂದು ಸಣ್ಣ ಸೆನ್ಸರಿನ ಮೇಲೆ ಒದ್ದೆ ಟವೆಲ್ ಹೊದಿಸಿ ಹನಿ ಹನಿಯಾಗಿ ನೀರು ಬಿಟ್ಟರು. "ಈಗ ಹಾಕಿ" ಎಂದರು. ಎಂಜಿನ್ ಸ್ಟಾರ್ಟ್ ಆಯಿತು. ಎಂಜಿನ್ ತಿರುಗುತ್ತಿದೆಯೆಂದು ಹೇಳಬೇಕಾದ ಸೆನ್ಸರು ಕಾದೊಡನೆ ಮೂಕವಾಗುತ್ತಿತ್ತಂತೆ; ಅದಕ್ಕೇ ಪೆಟ್ರೋಲೂ ಇಲ್ಲ, ಕಿಡಿಯೂ ಇಲ್ಲ. ಇಷ್ಟು ಹೇಳಿ ಅವರು ಫುಟ್‌ಪಾತಿನ ಮೇಲೆ ಕುಸಿದು ಕೂತರು.

ಹೊಸ ಸೆನ್ಸರ್ ಹಾಕಿದ ಮೇಲೂ ಅವರು ನಮ್ಮೊಂದಿಗೆ ಬರುವುದನ್ನು ಬಿಡಲಿಲ್ಲ. ಬೇಡವೆಂದರೆ, ಒಂದು ಸಲ ತಪ್ಪಿದವನು ಇನ್ನೊಂದು ಸಲ ತಪ್ಪಲಾರನೇ ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಬರಲಿಲ್ಲ. ಫೋನ್ ಮಾಡಿದರೆ ಮಗಳು ಎತ್ತಿದಳು. ಬೆಳಗಿನ ಕಾಫಿ ಕುಡಿಯುತ್ತಿದ್ದವರು ಹಾಗೇ ಒರಗಿ ತೀರಿಕೊಂಡಿದ್ದರು. ಎದೆನೋವು ಎನ್ನಲೂ ಪುರುಸೊತ್ತಿರಲಿಲ್ಲ.

ಆಸ್ಪತ್ರೆ ಆಮೇಲೆ, ಮೊದಲು ಅವರ ಮನೆಗೆ ನಡಿ ಎಂದಳು ಅಮ್ಮ. ಶೀನಣ್ಣನ ಹೆಂಡತಿ ಅಮ್ಮನನ್ನು ಮೊದಲು ನೋಡಿದವರಲ್ಲ. ಆದರೂ ಬಾಗಿಲಲ್ಲೇ ಗುರುತು ಹಿಡಿದು ಕೈ ಹಿಡಿದುಕೊಂಡರು. ಒಳಗೆ ಕರೆದೊಯ್ದು ಕೂರಿಸಿ, "ಕಾರ್ ಈಗ ನಿಲ್ಲುದಿಲ್ಲೆ ಅಲ್ದಾ ಅಮ್ಮ?" ಎಂದು ಕೇಳಿದರು.

"ಇಲ್ಲಮ್ಮಾ, ನಿಲ್ಲಲ್ಲ" ಎಂದಳು ಅಮ್ಮ.