ಮೊದಲ ಲೋಟದ ಹಾಲು: ಬೂದಿಕೋಟೆಯಿಂದ ಕೆಜಿಎಫ್‌ಗೆ

ತುಮಕೂರಿನಿಂದ ಬೆಳಗಿನ ರೈಲಿಗೆ ಹೊರಟು, ಬೆಂಗಳೂರಿನಲ್ಲಿ ಗಾಡಿ ಬದಲಿಸಿ, ಬಂಗಾರಪೇಟೆಯಲ್ಲಿ ಇಳಿದಾಗ ಊಟದ ಹೊತ್ತಾಗಿತ್ತು. ಚಳಿಗಾಲ ಮುಗಿಯುತ್ತಾ ಬಂದಿದ್ದರೂ ನೆರಳಿನಲ್ಲಿ ನಿಂತರೆ ಮೈ ಜುಮ್ಮೆನ್ನುತ್ತಿತ್ತು. ಕಟ್ಟಿಕೊಂಡು ಹೋಗಿದ್ದ ಚಪಾತಿಯನ್ನು ಪ್ಲಾಟ್‌ಫಾರಂನ ಕಲ್ಲುಬೆಂಚಿನ ಮೇಲೆ ಕುಳಿತು ತಿಂದು, ಕೈ ತೊಳೆದು ಬಸ್‌ಸ್ಟ್ಯಾಂಡಿಗೆ ನಡೆದೆ. ಬೂದಿಕೋಟೆಗೆ ಸರ್ಕಾರಿ ಬಸ್ಸು ಸಿಕ್ಕಿತು. ಆಧಾರ್ ತೋರಿಸಿದೆ, ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಗಂಟೆ ಹೊಡೆದು ಎಬ್ಬಿಸಿ, ಗಂಟೆ ಹೊಡೆದು ಮಲಗಿಸಿ, ವಾರ್ಡನ್ ಆಗಿ ನಿವೃತ್ತಳಾದ ನನಗೆ ಹೊತ್ತಿಗೆ ಸರಿಯಾಗಿ ಬಿಡುವ ಬಸ್ಸು ಕಂಡರೆ ಇವತ್ತಿಗೂ ಗೌರವ.

ಬೂದಿಕೋಟೆಯಲ್ಲಿ ನನ್ನ ತಂಗಿ ನಾರಾಯಣಮ್ಮನ ಮನೆ. ಮಗ ಮುನಿರಾಜು ದಿನವೂ ರೈಲಿನಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಹೋಗಿ ಬರುತ್ತಾನೆ. ಸೊಸೆ ಮಂಜುಳಾ ಮೂರು ಸೀಮೆಹಸುಗಳನ್ನು ನೋಡಿಕೊಳ್ಳುತ್ತಾಳೆ. ಅವರ ಒಬ್ಬಳೇ ಮಗಳು ಭಾರ್ಗವಿಗೆ ಎರಡೂವರೆ ವರ್ಷ. ಡೌನ್ ಸಿಂಡ್ರೋಮ್ ಇರುವ ಮಗು. ಜೊತೆಗೆ ಥೈರಾಯ್ಡ್ ಗ್ರಂಥಿ ಸಾಕಷ್ಟು ಕೆಲಸ ಮಾಡುವುದಿಲ್ಲ ಎಂದು ಗೊತ್ತಾಗಿ ಒಂದು ವರ್ಷದ ಮೇಲಾಗಿತ್ತು. ಅಂದಿನಿಂದ ದಿನಕ್ಕೊಂದು ಮಾತ್ರೆ. ಮಾತ್ರೆಯ ಬಲ ಎರಡು ಸಲ ಹೆಚ್ಚಿಸಿದರೂ ರಕ್ತಪರೀಕ್ಷೆ ಹದಕ್ಕೆ ಬಂದಿರಲಿಲ್ಲ. ದೀಪಾವಳಿ ಹೊತ್ತಿಗೆ ಮಂಚ ಹಿಡಿದು ನಿಲ್ಲುತ್ತಿದ್ದ ಮಗು ಈಗ ನಿಲ್ಲಿಸಿದರೆ ಕಾಲು ಮಡಚಿ ಕೂತುಬಿಡುತ್ತಿತ್ತು. ಹೊಸ ರಿಪೋರ್ಟು ಬಂದಿತ್ತು. ಅದನ್ನು ಕೆಜಿಎಫ್‌ನ ಮಕ್ಕಳ ಡಾಕ್ಟರಿಗೆ ತೋರಿಸಬೇಕು. ಮುನಿರಾಜುವಿಗೆ ರಜೆ ಇಲ್ಲ, ಮಂಜುಳಾ ಹಸುಗಳನ್ನು ಬಿಟ್ಟು ಬರುವಂತಿಲ್ಲ, ಮಗುವನ್ನು ಎತ್ತಿಕೊಂಡು ಒಬ್ಬಳೇ ಹೋಗಲು ನಾರಾಯಣಮ್ಮನಿಗೆ ಧೈರ್ಯವಿಲ್ಲ. ಹಾಗಾಗಿ ನಾನು.

ಮಗು ನನ್ನ ಮಡಿಲಿಗೆ ಬಂದು ತಲೆ ಒರಗಿಸಿತು. ಕೈ ತಣ್ಣಗಿತ್ತು. ಚರ್ಮ ಒಣಗಿ ಬಿಳಿ ಗೀರು ಬೀಳುತ್ತಿತ್ತು. ತುಂಬ ನಿದ್ದೆ ಮಾಡುತ್ತಾಳೆ, ಮೂರು ದಿನಕ್ಕೊಮ್ಮೆ ಕಕ್ಕ ಮಾಡುವುದೂ ಕಷ್ಟ ಎಂದು ಮಂಜುಳಾ ಹೇಳಿದಳು. ಊರಿನವರ ತೀರ್ಮಾನ, ಇಂಥ ಮಕ್ಕಳು ಇರುವುದೇ ಹೀಗೆ ಎಂದು. ನಾನೂ ಹಾಗೇ ತಿಳಿದಿದ್ದೆ.

ಮರುದಿನ ಬೆಳಗ್ಗೆ ಆ ಮನೆಯ ಶಿಸ್ತು ನೋಡಿದೆ. ಮಾತ್ರೆ ಮರೆಯಬಾರದೆಂದು ನಾರಾಯಣಮ್ಮ ಅದನ್ನು ಹಾಲು ಕರೆಯುವ ಹೊತ್ತಿಗೆ ಕಟ್ಟಿಹಾಕಿದ್ದಳು. ಮನುಷ್ಯರು ಮರೆತರೂ ಹಸು ಮರೆಯಗೊಡುವುದಿಲ್ಲ, ಕೂಗಿ ಎಬ್ಬಿಸುತ್ತದೆ. ಆ ಮನೆಯಲ್ಲಿ ಹಾಲು ಡೈರಿಗೆ ಹೋಗುವ ಮೊದಲು ಮನೆಯ ಕೂಸಿಗೆ ಒಂದು ಲೋಟ ತೆಗೆಯಬೇಕು. ಕೂಸು ಕೈಯೊಡ್ಡಿದಾಗ ಇಲ್ಲವೆಂದರೆ ಹಸು ಹಾಲು ಬಿಡುವುದಿಲ್ಲ ಎಂಬುದು ಅತ್ತೆಯಿಂದ ಅವಳಿಗೆ ಬಂದ ಮಾತು. ಅವಳು ಆ ಮೊದಲ ಲೋಟವನ್ನು ಕಾಯಿಸಿ, ಆರಿಸಿ, ಮಾತ್ರೆಯನ್ನು ಚಮಚದ ಬೆನ್ನಿನಿಂದ ಪುಡಿಮಾಡಿ ಅದರಲ್ಲಿ ಕದಡಿ, ಒಂದು ಹನಿಯೂ ಉಳಿಯದಂತೆ ಕುಡಿಸಿದಳು. ಹಿಂದೆಯೇ ರಾಗಿ ಸರಿ. ನನ್ನ ಹಾಸ್ಟೆಲಿನ ಯಾವ ಅಡುಗೆಯವಳೂ ಇಷ್ಟು ಹೊತ್ತಿಗೆ ಸರಿಯಾಗಿ ಕೆಲಸ ಮಾಡಿದ್ದಿಲ್ಲ. ಅದನ್ನು ಬಾಯಿಬಿಟ್ಟು ಹೇಳಿದೆ. ನಾರಾಯಣಮ್ಮನ ಮುಖ ಅರಳಿತು.

ಬಸ್ಸಿನಲ್ಲಿ ಬಂಗಾರಪೇಟೆಗೆ, ಅಲ್ಲಿಂದ ಮಾರಿಕುಪ್ಪಂ ಕಡೆಯ ಪ್ಯಾಸೆಂಜರಿಗೆ. ಬಸ್ಸಾದರೆ ಪುಕ್ಕಟೆ, ಬೇಗವೂ ಹೌದು; ಆದರೆ ರೈಲಿನಲ್ಲಿ ಮಗುವನ್ನು ಮಲಗಿಸಿಕೊಳ್ಳಲು ಜಾಗವಿರುತ್ತದೆ. ಎದುರಿಗೆ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ಭಾರ್ಗವಿಯನ್ನೇ ದಿಟ್ಟಿಸುತ್ತಿದ್ದಳು.

"ಯಾಕಮ್ಮಾ, ಈ ಕೂಸು ನಾಲ್ಗೆ ಆಚ್ಗೆ ಆಕ್ಕಂಡೈತೆ?" ಎಂದು ಕೇಳಿದಳು.

"ನಿನ್ನ ನೋಡಿ ಅಣಕಿಸ್ತಾವ್ಳೆ ಕಣಮ್ಮ," ಎಂದಳು ನಾರಾಯಣಮ್ಮ.

ಹೆಂಗಸು ನಕ್ಕುಬಿಟ್ಟಳು. ಬುಟ್ಟಿಯಿಂದ ಒಂದು ತುಂಡು ಕನಕಾಂಬರ ಕಿತ್ತು ಮಗುವಿನ ಕೂದಲಿಗೆ ಸಿಕ್ಕಿಸಿದಳು. ಕೂದಲು ತೆಳ್ಳಗಿದ್ದುದರಿಂದ ನಿಲ್ಲಲಿಲ್ಲ, ಇನ್ನೊಮ್ಮೆ ಸಿಕ್ಕಿಸಿದಳು. ಕಿಟಕಿಯಾಚೆ ಗಣಿಯಿಂದ ತೆಗೆದು ಸುರಿದ ಬೂದುಮಣ್ಣಿನ ದಿಬ್ಬಗಳು ಬಂದವು, ಗಣಿಬಾಯಿಯ ಮೇಲಿನ ತುಕ್ಕು ಹಿಡಿದ ಕಬ್ಬಿಣದ ಗಾಲಿಗಳು ಬಂದವು. ತನ್ನ ಮಾವ ಒಂದು ಕಾಲದಲ್ಲಿ ನಂದಿದುರ್ಗ ಗಣಿಯ ಕಾರ್ಮಿಕರ ಲೈನ್ ಮನೆಗಳಿಗೆ ಹಾಲು ಹಾಕುತ್ತಿದ್ದರೆಂದು ನಾರಾಯಣಮ್ಮ ಹೇಳಿದಳು. ದಿಬ್ಬಗಳು ಆಗ ಇನ್ನೂ ಎತ್ತರವಿದ್ದವಂತೆ.

ಉರಿಗಾಂನಲ್ಲಿ ಇಳಿದು ಆಟೋದಲ್ಲಿ ರಾಬರ್ಟ್‌ಸನ್‌ಪೇಟೆಗೆ ಹೋದೆವು. ಕ್ಲಿನಿಕ್ಕಿನಲ್ಲಿ ತಮಿಳು, ತೆಲುಗು, ಕನ್ನಡ ಮೂರರಲ್ಲೂ ಮಕ್ಕಳು ಅಳುತ್ತಿದ್ದವು. ಡಾಕ್ಟರು ಎಳೆಯ ವಯಸ್ಸಿನ ಹೆಣ್ಣುಮಗಳು. ರಿಪೋರ್ಟು ನೋಡಿದರು, ಮಗುವಿನ ಮಂಡಿಗೆ ಸಣ್ಣ ಸುತ್ತಿಗೆ ತಟ್ಟಿ ನೋಡಿದರು, ತೂಕ ಬರೆದುಕೊಂಡರು.

"ಟಿಎಸ್‌ಎಚ್ ಇನ್ನೂ ಜಾಸ್ತಿನೇ ಇದೆ, ಅಂದ್ರೆ ಮಾತ್ರೆ ಮೈಗೆ ಸಾಲ್ತಿಲ್ಲ. ಪಾಪಾಗೆ ಮಾತ್ರೆ ಮಧ್ಯೆ ಮಧ್ಯೆ ತಪ್ಪತಾ ಅಜ್ಜಿ?"

ನಾರಾಯಣಮ್ಮ ನೆಟ್ಟಗೆ ಕೂತಳು. "ತಪ್ಪಾದಾ? ನಮ್ಮನ್ಯಾಗೆ ಅಸ ಕರ್ಯಾದು ತಪ್ಪಿದ್ರೂ ಮಾತ್ರೆ ತಪ್ಪಾಕಿಲ್ಲ ತಾಯಿ. ಬೇಕಾರೆ ನಮ್ಮಕ್ಕನ್ನ ಕೇಳ್ರಿ."

ನಾನು ಹೌದೆಂದು ಸಾಕ್ಷಿ ಹೇಳಿದೆ. ಅಷ್ಟಕ್ಕೇ ಬಿಡದೆ ನಾರಾಯಣಮ್ಮ ಕೈಸನ್ನೆಯಲ್ಲಿ ಎಲ್ಲವನ್ನೂ ಮಾಡಿ ತೋರಿಸತೊಡಗಿದಳು. ಲೋಟ, ಚಮಚ, ಪುಡಿ, ಹಾಲು. ಬರೀ ಹೊಟ್ಟೆಗೆ ಹಾಕಿದರೆ ಉಷ್ಣವಾಗುತ್ತದೆಂದು ಕೆನೆಯನ್ನೂ ಸೇರಿಸುತ್ತಾಳಂತೆ. ಹಾಲು ಎನ್ನುವಲ್ಲಿಗೆ ಡಾಕ್ಟರು ಪೆನ್ನು ಕೆಳಗಿಟ್ಟರು.

"ದಿನಾ ಹಾಲಲ್ಲೇನಾ?"

"ದಿನಾ. ಮೊದ್ಲ ಲೋಟ್ದಾಗೆ."

ಡಾಕ್ಟರು ಗದರಲಿಲ್ಲ. ಹಾಲಿನಲ್ಲೂ ರಾಗಿಯಲ್ಲೂ ಇರುವ ಸುಣ್ಣದಂಶ ಈ ಮಾತ್ರೆಯನ್ನು ಹಿಡಿದುಕೊಂಡುಬಿಡುತ್ತದೆ, ಮೈಗೆ ಸೇರಲು ಬಿಡುವುದಿಲ್ಲ ಎಂದು ವಿವರಿಸಿದರು. ಎದ್ದ ಕೂಡಲೇ ಒಂದು ಚಮಚ ನೀರಿನಲ್ಲಿ ಕೊಡಬೇಕು. ಆಮೇಲೆ ಒಂದು ಗಂಟೆ ಹಾಲು, ಸರಿ ಏನೂ ಇಲ್ಲ. ರಕ್ತ ಹೆಚ್ಚಲು ಕುಡಿಸುತ್ತಿರುವ ಕಬ್ಬಿಣದ ಸಿರಪ್ಪೂ ಮಾತ್ರೆಗೆ ಅಡ್ಡಿ, ಅದು ಸಂಜೆಗೆ. ಮಾತ್ರೆಯ ಬಲ ಸದ್ಯಕ್ಕೆ ಇಷ್ಟೇ ಇರಲಿ, ಆರು ವಾರ ಬಿಟ್ಟು ಮತ್ತೆ ಪರೀಕ್ಷೆ. "ಅವ್ರಪ್ಪ ಬಂದಾಗ ದಿನಾ ಕೊಡ್ತೀರಾ ಅಂತ ಕೇಳ್ದೆ. ಯಾವುದ್ರಲ್ಲಿ ಕೊಡ್ತೀರಾ ಅಂತ ನಾನೂ ಕೇಳ್ಲಿಲ್ಲ," ಎಂದರು.

ನಿದ್ದೆ, ತಣ್ಣಗಿನ ಕೈ, ಕಾಲು ಮಡಚುವುದು ಇವೆಲ್ಲ ಇಂಥ ಮಕ್ಕಳ ಸ್ವಭಾವವಲ್ಲವೇ ಎಂದು ನಾನು ಕೇಳಿದೆ.

"ಕೆಲವು ಇರಬಹುದು. ಆದ್ರೆ ಎಲ್ಲಾನೂ ಅದರ ಲೆಕ್ಕಕ್ಕೇ ಹಾಕ್ಬೇಡಿ ಅಮ್ಮ. ಡೌನ್ ಸಿಂಡ್ರೋಮ್ ಹುಟ್ಟಿನ ಜೊತೇಲೇ ಬರತ್ತೆ, ಇರತ್ತೆ. ಥೈರಾಯ್ಡು ನಾವು ಸರಿ ಮಾಡ್ಬಹುದು. ಮೆದುಳು ಬೆಳೆಯೋ ವಯಸ್ಸು ಇದು. ಇದು ನಮಗೋಸ್ಕರ ಕಾಯಲ್ಲ."

ಹೊರಗೆ ಬಂದು ಹೋಟೆಲಿನಲ್ಲಿ ಇಡ್ಲಿ ಹೇಳಿದೆ. ನಾರಾಯಣಮ್ಮ ಮಗುವಿಗೆ ತಿನ್ನಿಸಿದಳು, ತಾನು ಮುಟ್ಟಲಿಲ್ಲ. ವಾಪಸು ರೈಲಿನಲ್ಲಿ ದಿಬ್ಬಗಳು ಎದುರಾಗಿ ಬಂದವು. ಅವಳು ಅವುಗಳ ಕಡೆ ನೋಡಲಿಲ್ಲ. ಕೋರಮಂಡಲ ಸ್ಟೇಷನ್ ದಾಟಿದ ಮೇಲೆ ಒಂದೇ ಮಾತು ಹೇಳಿದಳು.

"ನಾನೇ ಕೊಟ್ಟು ನಾನೇ ಕಿತ್ಕಂಡಂಗಾಯ್ತಲ್ಲಕ್ಕ."

ಅಲಕ್ಷ್ಯ ಮಾಡಿದವರಿಗೆ ಬುದ್ಧಿ ಹೇಳಿ ನನಗೆ ಅಭ್ಯಾಸ. ಇಷ್ಟು ಜೋಪಾನ ಮಾಡಿದವಳಿಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಹೊತ್ತಿಗೆ ಸರಿಯಾಗಿ ನಡೆಯುವುದೆಲ್ಲ ಸರಿಯಾಗಿಯೇ ನಡೆಯುತ್ತದೆ ಎಂದು ನಂಬಿ ಬದುಕಿದವಳು ನಾನು. ಗಂಟೆ ಸರಿಯಿದ್ದೂ ತಟ್ಟೆಯಲ್ಲಿರುವುದು ತಪ್ಪಿರಬಹುದು ಎಂಬುದನ್ನು ಬಂಗಾರಪೇಟೆ ಬರುವವರೆಗೂ ಯೋಚಿಸಿದೆ.

ಮನೆಯಲ್ಲಿ ಮಂಜುಳಾ ಎಲ್ಲವನ್ನೂ ಕೇಳಿಸಿಕೊಂಡಳು. ಅತ್ತೆಯನ್ನು ದೂರದೆ, ಮಾತ್ರೆಯ ಡಬ್ಬಿಯನ್ನು ನೀರಿನ ಬಿಂದಿಗೆಯ ಪಕ್ಕಕ್ಕೆ ಸರಿಸಿಟ್ಟಳು. ಮರುದಿನ ಬೆಳಗ್ಗೆ ಮಗು ಕಣ್ಣುಬಿಟ್ಟ ಕೂಡಲೇ ನಾರಾಯಣಮ್ಮ ಮಾತ್ರೆಯನ್ನು ನೀರಿನಲ್ಲಿ ಕದಡಿ ಬಾಯಿಗೆ ಹಾಕಿದಳು. ಮಗು ಮುಖ ಸಿಂಡರಿಸಿ ನುಂಗಿತು. ಅಲ್ಲಿಯವರೆಗೆ ಸುಲಭವಾಗಿಯೇ ಆಯಿತು. ಕೊಟ್ಟಿಗೆಯಲ್ಲಿ ಹಾಲು ಪಾತ್ರೆಗೆ ಬೀಳುವ ಸದ್ದು ಕೇಳಿದ್ದೇ ಭಾರ್ಗವಿ ತೆವಳಿಕೊಂಡು ಬಾಗಿಲಿಗೆ ಹೋಗಿ ಎರಡೂ ಕೈ ಚಾಚಿ ಬಾಯಿ ತೆರೆದಳು. ಮಾತು ಬಾರದ ಮಗು. ಕೇಳುವುದಕ್ಕೆ ಅವಳಿಗೆ ಗೊತ್ತಿದ್ದುದು ಅದೊಂದೇ ರೀತಿ. ಹಾಲು ಸಿಗದಿದ್ದಾಗ ಅಳು ಶುರುವಾಯಿತು. ಅದೇ ಹೊತ್ತಿಗೆ ಹಸು ಕಾಲು ಝಾಡಿಸಿತು.

"ನೋಡು, ಅದಕ್ಕೂ ಕ್ವಾಪ ಬಂತು," ಎಂದಳು ನಾರಾಯಣಮ್ಮ.

"ಅದ್ಕೆ ನೊಣ ಕಚ್ತು ಅತ್ತೆ," ಎಂದಳು ಮಂಜುಳಾ, ಕೆಚ್ಚಲಿನಿಂದ ಕೈ ತೆಗೆಯದೆ.

ನಾರಾಯಣಮ್ಮನ ಕೈ ತಾನಾಗಿ ಲೋಟದ ಕಡೆ ಹೋಯಿತು. ನಾನು ಲೋಟವನ್ನು ಎತ್ತಿ ಮೇಲಿನ ಗೂಡಿನಲ್ಲಿಟ್ಟೆ.

"ನೀನಿವತ್ತು ಓಗ್ತೀಯ. ದಿನಾ ಇಲ್ಲ ಅನ್ಬೇಕಾದೋಳು ನಾನು," ಎಂದಳು.

ಲೋಟವನ್ನು ಗೂಡಿನಿಂದ ಇಳಿಸಿ ಮತ್ತೆ ಅವಳ ಕೈಯಳತೆಯಲ್ಲೇ ಇಟ್ಟೆ. ಅವಳು ಅದನ್ನು ಮುಟ್ಟಲಿಲ್ಲ. ಆಮೇಲೆ ಮಗುವನ್ನು ಹೆಗಲಿಗೆ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ಹಾಲಿನ ಕ್ಯಾನು ಹಿಡಿದು ಹೊರಟಳು. ಡೈರಿಗೆ ಹೋಗಿ ಸಾಲು ನಿಂತು ಹಾಲು ಅಳೆಸಿ ಬರುವಷ್ಟರಲ್ಲಿ ಹೇಗೂ ಗಂಟೆ ಕಳೆಯುತ್ತದೆ. ನಾನು ಚೀಲ ಹಿಡಿದು ಹಿಂದೆ ನಡೆದೆ. ದಾರಿಯುದ್ದಕ್ಕೂ ಮಗು ಅಳುತ್ತಿತ್ತು. ಯಾಕೆಂದು ಕೇಳಿದವರಿಗೆಲ್ಲ ನಾರಾಯಣಮ್ಮ, ಮಾತ್ರೆ ಮೈಗಿಳಿಯಲಿ ಎಂದು ಕಾಯಿಸುತ್ತಿದ್ದೇನೆ ಎಂದಳು. ಹಾಲಿನ ಮನೆಯವಳು ಕೂಸಿಗೆ ಹಾಲಿಲ್ಲ ಅನ್ನುವುದೇ ಎಂದು ಒಬ್ಬ ಮುದುಕ ಚುಚ್ಚಿದ. ಅವಳು ನಿಲ್ಲಲಿಲ್ಲ.

ಡೈರಿಯ ಎದುರಿಗೇ ಬಸ್ಸು ನಿಲ್ಲುವ ಜಾಗ. ನನ್ನ ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತೆ. ರಸ್ತೆಯಾಚೆ ಕ್ಯಾನುಗಳ ಸಾಲಿನಲ್ಲಿ ನಾರಾಯಣಮ್ಮ ನನಗೆ ಬೆನ್ನುಮಾಡಿ ನಿಂತಿದ್ದಳು. ಹೆಗಲ ಮೇಲಿನಿಂದ ಭಾರ್ಗವಿಯ ಮುಖ ಮಾತ್ರ ಕಾಣುತ್ತಿತ್ತು. ಬಸ್ಸು ಕಂಡು ಅವಳ ಅಳು ಅರ್ಧಕ್ಕೆ ನಿಂತಿತ್ತು. ನಾನು ತಂಗಿಯ ಹೆಸರು ಹಿಡಿದು ಕೂಗಿದೆ. ಕೇಳಿಸಿತೆಂದು ಗೊತ್ತು, ಅವಳು ತಲೆಯಾಡಿಸಿದಳು. ಆದರೆ ತಿರುಗಲಿಲ್ಲ. ತಿರುಗಿದ್ದರೆ ಮಗುವಿನ ಮುಖ ಹಾಲಿನ ಕಡೆಗಾಗುತ್ತಿತ್ತು.