ಕಾಣದ ಬೋಲ್ಟಿಗೆ ಚಾಚಿದ ಕೈ

ಹಳೆಯ ಟ್ರಾಕ್ಟರುಗಳ ರಿಪೇರಿಯಲ್ಲಿ ಪಳಗಿದವರು ನಮ್ಮ ನಡುವೆ ಹಲವರಿದ್ದಾರೆ. ಆದರೆ ಕಣ್ಣಿಗೆ ಬೀಳದ, ಕೈಗೆ ನಿಲುಕದ ಬೋಲ್ಟೊಂದನ್ನು ಮುರಿಯದೆ, ಶಪಿಸದೆ, ಇಡೀ ಯಂತ್ರವನ್ನು ಹೋಳು ಮಾಡದೆ ಬಿಚ್ಚಬೇಕೆಂದರೆ ಸುತ್ತಲಿನ ವರ್ಕ್‌ಶಾಪುಗಳೆಲ್ಲ ಬೆರಳು ತೋರಿಸುವುದು ನಮ್ಮ ದಾರದ ಮೇಸ್ತ್ರಿಗಳೊಬ್ಬರ ಕಡೆಗೇ. ಇಕ್ಕಟ್ಟಿನ ಜಾಗಕ್ಕೆ ಬೋಲ್ಟನ್ನು ಇಳಿಸುವ ಮುನ್ನ, ಕೈಜಾರಿದರೆ ಎಳೆದುಕೊಳ್ಳಲೆಂದು ಅದರ ಕೊರಳಿಗೆ ದಾರ ಕಟ್ಟುವ ಅಭ್ಯಾಸದಿಂದ ಬಂದ ಹೆಸರದು. ಮೂವತ್ತನಾಲ್ಕು ವರ್ಷಗಳ ಸೇವೆ ಮುಗಿಸಿ ಅವರೀಗ ನಿವೃತ್ತರಾಗುತ್ತಿದ್ದಾರೆ.

ಈ ತಾಳ್ಮೆ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಒಬ್ಬಳೇ ಹೊಲ ನೋಡಿಕೊಳ್ಳುತ್ತಿದ್ದ ಹೆಂಗಸೊಬ್ಬಳು ತಂದೆಯ ಕಾಲದ ಟ್ರಾಕ್ಟರನ್ನು ತಂದು ನಿಲ್ಲಿಸಿದ್ದಳು. ಕೆಟ್ಟಿದ್ದ ಸ್ಟಾರ್ಟರ್ ಮೋಟಾರನ್ನು ಹಿಡಿದಿದ್ದ ಮೇಲಿನ ಬೋಲ್ಟು ಎಂಜಿನ್ನಿನ ಮಗ್ಗುಲಲ್ಲಿ ಅಡಗಿ ಕೂತಿತ್ತು. ಸ್ಪ್ಯಾನರ್ ಹೋಗಲಿಲ್ಲ. ಬಿಸಿರಕ್ತದ ಮೇಸ್ತ್ರಿಗಳು ಉಳಿಯಿಟ್ಟು ಸುತ್ತಿಗೆಯಿಂದ ಬಾರಿಸಿದರು. ಲಟಕ್ಕನೆ ಒಡೆದದ್ದು ಬೋಲ್ಟಲ್ಲ, ಅದು ಕೂತಿದ್ದ, ಎಂಜಿನ್ನಿನಿಂದ ಚಾಚಿಕೊಂಡ ಎರಕದ ಕಿವಿ.

"ಹಳೇ ಬಿರುಕು ಅಂತ ಹೇಳ್ಬಿಡು. ಯಾರು ನೋಡಿದ್ರು?" ಎಂದು ಮ್ಯಾನೇಜರು ಪಿಸುಗುಟ್ಟಿದರು.

ಮೇಸ್ತ್ರಿಗಳು ಹೊರಗೆ ಹೋದರು. ಹೆಂಗಸು ಹಳೆಯ ಟೈರಿನ ಮೇಲೆ ಕೂತಿದ್ದಳು. "ಅಕ್ಕಾ, ನಾನೇ ಒಡೆದೆ. ಅವಸರ ಮಾಡ್ಬಿಟ್ಟೆ."

"ನಿಜ ಹೇಳ್ದೆ, ಸರಿ. ನಾಳೆ ಬಿತ್ತನೆ. ಏನ್ ಮಾಡ್ಲಿ?"

ಮರುದಿನದಿಂದ ಎಂಟು ದಿನ, ಕೆಲಸಕ್ಕೆ ಬರುವ ಮುನ್ನ, ಅವರು ಯಾರದೋ ಟ್ರಾಕ್ಟರು ಬೇಡಿ ತಂದು, ಹಗ್ಗ ಕಟ್ಟಿ ಎಳೆದು ಅವಳ ಟ್ರಾಕ್ಟರನ್ನು ಸ್ಟಾರ್ಟ್ ಮಾಡಿಕೊಟ್ಟರು. ಬಿತ್ತನೆ ಮುಗಿದ ದಿನ ಅವಳು ಕೇಳಿದಳು: "ಕಾಣದ ಜಾಗಕ್ಕೆ ಸುತ್ತಿಗೆ ಯಾಕಪ್ಪಾ ಹಾಕ್ದೆ? ಒಂದ್ಸಲ ಮುಟ್ಟಿ ನೋಡ್ಬಾರ್ದಿತ್ತಾ?"

ಅವರ ವಿದ್ಯಾಭ್ಯಾಸ ಶುರುವಾದದ್ದು ಅಲ್ಲಿಂದ. ಪುಟ್ಟ ಕನ್ನಡಿ ಹಿಡಿದು ಬೋಲ್ಟಿನ ತಲೆ ಹುಡುಕುವುದು, ತುಕ್ಕಿಗೆ ಎಣ್ಣೆ ಕುಡಿಸಿ ಒಂದು ದಿನ ಸುಮ್ಮನಿರುವುದು, ಸ್ಪ್ಯಾನರನ್ನು ಅರ್ಧಕ್ಕೆ ಕೊಯ್ದು ಕೆಂಪಗೆ ಕಾಯಿಸಿ ಬೇಕಾದಂತೆ ಬಗ್ಗಿಸುವುದು, ನಟ್ಟು ಉದುರದಿರಲೆಂದು ಸಾಕೆಟ್ಟಿನೊಳಗೆ ಗ್ರೀಸು ಮೆತ್ತುವುದು, ಇವೆಲ್ಲವನ್ನೂ ಅವರು ಒಂದೊಂದಾಗಿ ಕಂಡುಕೊಂಡರು, ಕಂಡುಕೊಂಡದ್ದನ್ನು ಬಚ್ಚಿಟ್ಟುಕೊಳ್ಳಲಿಲ್ಲ.

ವರ್ಕ್‌ಶಾಪಿಗೆ ಮೊದಲ ಹೆಣ್ಣು ಮೆಕ್ಯಾನಿಕ್ ಬಂದಾಗ ಉಳಿದವರು ಮುಸಿಮುಸಿ ನಕ್ಕಿದ್ದರು. ಮೂರನೆಯ ದಿನವೇ ಆಕೆಯ ಕೈ ಗೇರ್‌ಬಾಕ್ಸಿನ ಸಂದಿನಲ್ಲಿ ಸಿಕ್ಕಿಕೊಂಡಿತು. ಮೇಸ್ತ್ರಿಗಳು ಅದನ್ನು ಕಂಡವರೇ, "ನಡೀರಿ, ಎಲ್ರೂ ಟೀ ಕುಡ್ಕೊಂಡ್ ಬನ್ನಿ" ಎಂದು ಷೆಡ್ಡು ಖಾಲಿ ಮಾಡಿಸಿದರು. ಆಮೇಲೆ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಮೆಲ್ಲನೆ, "ಎಳೀಬೇಡ ತಾಯಿ. ಬೋಲ್ಟು ಹಿಡ್ಕೊಂಡಿದೀಯಲ್ಲ, ಮೊದ್ಲು ಮುಷ್ಟಿ ಬಿಚ್ಚು" ಎಂದರು. ಕೈ ಸಲೀಸಾಗಿ ಹೊರಬಂತು. ಟೀ ಕುಡಿದು ಬಂದವರಿಗೆ ಇಂದಿನವರೆಗೂ ಈ ಸಂಗತಿ ಗೊತ್ತಿರಲಿಲ್ಲ; ಈ ಬೀಳ್ಕೊಡುಗೆ ಪುಸ್ತಕಕ್ಕಾಗಿ ಆಕೆಯೇ ಹೇಳಿದ್ದು.

ಈಚೆಗೆ ಮೇಸ್ತ್ರಿಗಳ ಬೆರಳ ಗೆಣ್ಣುಗಳು ಊದಿಕೊಂಡಿವೆ. ಕಳೆದ ತಿಂಗಳು ಪರಿಚಿತ ಸಂದಿಯೊಂದರಲ್ಲಿ ಅವರ ಕೈ ಅರ್ಧಕ್ಕೇ ನಿಂತುಬಿಟ್ಟಿತು. ಮತ್ತೆ ಮತ್ತೆ ತೂರಿಸಿ ನೋಡಿದರು. ಕೊನೆಗೆ ಕೈ ಒರೆಸಿಕೊಂಡು, ಈಗ ಷೆಡ್ಡಿನ ಮುಖ್ಯಸ್ಥೆಯಾಗಿರುವ ಆ ಮೊದಲ ಹೆಣ್ಣು ಮೆಕ್ಯಾನಿಕ್ಕಿಗೇ ಜಾಗ ಬಿಟ್ಟುಕೊಟ್ಟರು. "ಸಿಕ್ತಾ?" ಎಂದರು. "ಸಿಕ್ತು ಮೇಸ್ತ್ರಿ, ಸಡ್ಲ ಆಯ್ತು." ಅವರ ಎದೆಯ ಭಾರವೂ ಒಂದಿಷ್ಟು ಸಡಿಲಾಯಿತೆಂದು ಅವರೇ ಮನೆಯಲ್ಲಿ ಹೇಳಿಕೊಂಡರಂತೆ.

ಆ ಮನೆಯ ಅಂಗಳದಲ್ಲಿ ಅವರದೇ ಹಳೆಯ ಟ್ರಾಕ್ಟರೊಂದು ಹನ್ನೊಂದು ವರ್ಷಗಳಿಂದ ಬಿಡಿಬಿಡಿಯಾಗಿ ಹರಡಿ ಕೂತಿದೆ. "ಇನ್ನಾದ್ರೂ ಅದನ್ನ ಕೂಡಿಸ್ತಾರೇನಮ್ಮಾ?" ಎಂದು ಕೇಳಿದರೆ ಅವರ ಮನೆಯವರು ನಕ್ಕರು: "ಕೂಡಿಸ್ತಾರೆ. ಕೂಡಿಸಿದ ಮಾರನೇ ದಿನ ಇನ್ನೊಂದು ತರ್ತಾರೆ, ನೋಡ್ತಿರಿ."

ಆ ತಾಯಿಯ ಮಾತು ನಿಜವಾಗಲಿ. ಅಂಗಳ ಎಂದೂ ಖಾಲಿಯಾಗದಷ್ಟು ಆಯುಸ್ಸು, ಬೆರಳುಗಳಿಗೆ ಆರೋಗ್ಯ, ಮೇಸ್ತ್ರಿಗಳಿಗೆ ಒದಗಲಿ. ಮನೆಯವರಿಗೆ ಬಟ್ಟೆ ಒಣಹಾಕಲು ಒಂದು ಮೂಲೆಯಾದರೂ ಉಳಿಯಲಿ.